ಮಗಳಿಗೊಂದು ಪತ್ರ: ನಿನ್ನ ಹಳೇ ನಂಬರು

ಪ್ರೀತಿಯ ಪುಟ್ಟಿ,

ನಾವಿಬ್ಬರೂ ಚೆನ್ನಾಗಿದ್ದೇವೆ. ಪುಷ್ಯ ಮಳೆ ಹಿಡಿದು ಎಂಟು ದಿನ ಆಯ್ತು, ಇನ್ನೂ ಬಿಟ್ಟಿಲ್ಲ. ಹಾನುಬಾಳು ಕಡೆ ಇನ್ನೂ ಜಾಸ್ತಿಯಂತೆ. ಕರೆಂಟು ಹೋಗುತ್ತೆ, ಅದರ ಹಿಂದೆಯೇ ಟವರೂ ಹೋಗುತ್ತೆ. ಫೋನಿನಲ್ಲಿ ನಾಲ್ಕು ಮಾತಾಡುವಷ್ಟರಲ್ಲಿ ಕಟ್ ಆಗುತ್ತೆ. ಅದಕ್ಕೇ ಕೂತು ಕಾಗದ ಬರೆಯುತ್ತಿದ್ದೇನೆ. ನಿಧಾನವಾಗಿ ಓದು. ನಿನ್ನಿಂದ ಒಂದು ಕೆಲಸ ಆಗಬೇಕು.

ಹೋದ ಗುರುವಾರ ಸಕಲೇಶಪುರಕ್ಕೆ ಹೋಗಿದ್ದೆ. ಕೆಳಗಿನ ತುಂಡಿನಲ್ಲಿ ಕಾಫಿಗೆ ಕೊಳೆರೋಗ ಬಂದು ಕಾಯಿ ಉದುರುತ್ತಿದೆ. ಬೆಳೆ ಹಾನಿಗೆ ಅರ್ಜಿ ಹಾಕೋಣ ಅಂತ ನಿಮ್ಮಪ್ಪ ಹೇಳಿದರು. ಪಹಣಿ, ಪಾಸ್‌ಬುಕ್ಕಿನ ಮೊದಲ ಪುಟ, ತೋಟದ ಫೋಟೋ ಎಲ್ಲಾ ನನ್ನ ಜಿಮೇಲ್‌ನಲ್ಲೇ ಇದ್ದವು. ಜೆರಾಕ್ಸ್ ಅಂಗಡಿಯಲ್ಲಿ ಕಾಲಿಡಲು ಜಾಗ ಇಲ್ಲ. ನನ್ನ ಫೋನಿನಿಂದ ಕಳಿಸೋಣ ಅಂದರೆ ನೆಟ್ ಸುತ್ತುತ್ತಲೇ ಇತ್ತು. "ಆಂಟಿ, ಇಲ್ಲೇ ಮೇಲ್ ಓಪನ್ ಮಾಡ್ತೀನಿ, ಪಾಸ್‌ವರ್ಡ್ ಹೇಳಿ" ಅಂದ ಅಂಗಡಿ ಹುಡುಗ. ಹೇಳಿಬಿಟ್ಟೆ. ನಿನ್ನ ಹೆಸರು, ನೀನು ಹುಟ್ಟಿದ ವರ್ಷ. ಹಿಂದೆ ಆರೇಳು ಜನ ಒದ್ದೆ ಕೊಡೆ ಹಿಡಿದು ನಿಂತಿದ್ದರು. ಅವರಿಗೂ ಕೇಳಿಸಿತು.

ಬಸ್ಸು ದೋಣಿಗಲ್ ದಾಟುವಾಗ ಎದೆ ಧಸಕ್ ಅಂತು. ಆ ಹುಡುಗ ಮೇಲ್ ಮುಚ್ಚಿದ್ದನ್ನು ನಾನು ನೋಡಲೇ ಇಲ್ಲ. ಅಂಚೆ ಕಚೇರಿಯಲ್ಲಿ ಅಷ್ಟು ವರ್ಷ ಕೂತಿದ್ದೆ. ಯಾರ ಖಾತೆಯಲ್ಲಿ ಎಷ್ಟಿದೆ ಅಂತ ಪಕ್ಕದಲ್ಲಿ ನಿಂತವರಿಗೆ ಒಂದು ದಿನವೂ ಕೇಳಿಸಿದವಳಲ್ಲ. ನನ್ನ ಮನೆ ಬೀಗದ ಕೈಯನ್ನು ಮಾತ್ರ ಎಲ್ಲರೆದುರು ಕೊಟ್ಟು ಬಂದಿದ್ದೆ.

ಬರೀ ಒಂದು ಮೇಲ್ ಅಲ್ವಾ ಅನ್ನಬೇಡ ಪುಟ್ಟಿ. ಅದೊಂದೇ ಪಾಸ್‌ವರ್ಡಿಗೆ ನಮ್ಮ ಮನೆಯ ಅರ್ಧ ಬದುಕು ತೆರೆದುಕೊಳ್ಳುತ್ತೆ. ಬ್ಯಾಂಕಿನ ಸ್ಟೇಟ್‌ಮೆಂಟ್ ಅಲ್ಲಿಗೇ ಬರುತ್ತೆ. ಬೇರೆ ಯಾವುದಾದರೂ ಆ್ಯಪಿನ ಪಾಸ್‌ವರ್ಡ್ ಮರೆತರೆ ಹೊಸದು ಮಾಡಿಕೊಳ್ಳುವ ಲಿಂಕೂ ಅಲ್ಲಿಗೇ ಬರುತ್ತೆ. ಫೋನ್ ನಂಬರುಗಳು, ಫೋಟೋಗಳು ಎಲ್ಲಾ ಅದೇ ಖಾತೆಯಲ್ಲಿವೆ. ನಿನ್ನಜ್ಜಿ ಕಣದಲ್ಲಿ ಕೂತು ಮೆಣಸು ಕೇರುತ್ತಿದ್ದಾಗ ನೀನು ತೆಗೆದ ಫೋಟೋ ಇದೆಯಲ್ಲ, ಅದು ಬೇರೆಲ್ಲೂ ಇಲ್ಲ. ಅಜ್ಜಿ ತಲೆ ಎತ್ತಿ ನಿನ್ನನ್ನು ನೋಡಿ ನಗುತ್ತಿರುವುದು. ಬಸ್ಸಿನಲ್ಲಿ ನನಗೆ ನೆನಪಾಗಿದ್ದು ಬ್ಯಾಂಕಲ್ಲ, ಆ ಫೋಟೋ.

ಮನೆಗೆ ಬಂದವಳು ಸೀರೆಯನ್ನೂ ಬದಲಾಯಿಸಲಿಲ್ಲ. ಕಣದ ಮೂಲೆಯಲ್ಲಿ ಸಿಲ್ವರ್ ಮರದ ಹತ್ತಿರ ಎರಡು ಕಡ್ಡಿ ನೆಟ್‌ವರ್ಕ್ ಬರುತ್ತೆ. ನಿಮ್ಮಪ್ಪ ಕೊಡೆ ಹಿಡಿದು ನಿಂತರು. ಸೆಟ್ಟಿಂಗ್ಸ್ ಒಳಗೆ ಗೂಗಲ್ ಅಂತ ಇದೆ. ಅಲ್ಲಿ ನಮ್ಮ ಖಾತೆ ತೆಗೆದು ಸೆಕ್ಯುರಿಟಿಗೆ ಹೋದರೆ ಪಾಸ್‌ವರ್ಡ್ ಸಿಗುತ್ತೆ. ಖಾತೆ ನನ್ನದೇ ಅಂತ ಖಚಿತ ಮಾಡಿಕೊಳ್ಳಲು ಮೊದಲು ಹಳೆಯದನ್ನು ಕೇಳಿತು. ಆಮೇಲೆ ಹೊಸದನ್ನು ಎರಡು ಸಲ. ಪಕ್ಕದಲ್ಲಿ ಕಣ್ಣಿನ ಗುರುತು ಇರುತ್ತಲ್ಲ, ಅದನ್ನು ಒತ್ತಿ ಒಂದೊಂದೇ ಅಕ್ಷರ ನೋಡಿಕೊಂಡು ಹಾಕಿದೆ. ಒದ್ದೆ ಬೆರಳಿಗೆ ಪಕ್ಕದ ಅಕ್ಷರ ಬೀಳುತ್ತಿತ್ತು. ಸೆರಗಿನಲ್ಲಿ ಒರೆಸಿ ಒರೆಸಿ ಒತ್ತಿದೆ.

ಗೂಗಲ್ ಕೇಳುವುದು ಕಡಿಮೆ ಅಂದರೆ 8 ಅಕ್ಷರ. ನಾನು ಅದಕ್ಕಿಂತ ತುಂಬಾ ಉದ್ದದ್ದು ಇಟ್ಟೆ. ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕು ಕನ್ನಡ ಪದ, ಇಂಗ್ಲಿಷ್ ಅಕ್ಷರದಲ್ಲಿ. ಒಂದು ಅಡುಗೆಮನೆಯದು, ಒಂದು ತೋಟದ್ದು, ಹೀಗೆ. ಹೆಸರು, ಹುಟ್ಟಿದ ವರ್ಷ ಆದರೆ ನಮ್ಮನ್ನು ಬಲ್ಲವರು ಯಾರಾದರೂ ಊಹಿಸಬಹುದು. ಇದನ್ನು ಊಹಿಸುವುದು ಕಷ್ಟ, ನನಗೆ ನೆನಪಿಡುವುದು ಸುಲಭ. ಯಾವ ಪದ ಅಂತ ನಿನಗೂ ಬರೆಯುತ್ತಿಲ್ಲ, ಬೇಜಾರು ಮಾಡ್ಕೋಬೇಡ. ಬೀರುವಿನಲ್ಲಿ ಪಹಣಿ ಜೊತೆ ಇರುವ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಮುಂದೆ ಯಾವತ್ತಾದರೂ ನಿನಗೆ ಬೇಕಾದರೆ ಅಲ್ಲಿದೆ.

ಪಾಸ್‌ವರ್ಡ್ ಬದಲಾಯಿಸಿದರೆ ಬೇರೆ ಕಡೆ ತೆರೆದಿದ್ದ ಖಾತೆ ಹೆಚ್ಚುಕಡಿಮೆ ಎಲ್ಲಾ ಮುಚ್ಚಿಹೋಗುತ್ತೆ. ಆದರೂ ನಾನು ಸುಮ್ನಿರಲಿಲ್ಲ. ಯಾವ ಯಾವ ಸಾಧನದಲ್ಲಿ ಖಾತೆ ತೆರೆದಿದೆ ಅಂತ ಅಲ್ಲೇ ಒಂದು ಪಟ್ಟಿ ಇರುತ್ತೆ. ಅದನ್ನು ಪೂರ್ತಿ ನೋಡಿದೆ. ಅಂಗಡಿಯ ಕಂಪ್ಯೂಟರು ಸೈನ್ ಔಟ್ ಆಗಿತ್ತು. ಆಗ ಉಸಿರು ಬಂತು. ಆ ಹುಡುಗನ ಮೇಲೆ ನನಗೆ ಯಾವ ಅನುಮಾನವೂ ಇಲ್ಲ. ಅಷ್ಟು ಜನರ ನಡುವೆ ಪಾಪ ಅವನೂ ನಿಂತೇ ಇದ್ದ.

ಮಾರನೇ ದಿನ ನಿಮ್ಮಪ್ಪನ ಫೋನಿಗೆ ಮೇಲ್ ಬರುವುದು ನಿಂತಿತು. ಅವರ ಫೋನಿನಲ್ಲೂ ನನ್ನದೇ ಖಾತೆ ಹಾಕಿಕೊಟ್ಟಿದ್ದೆಯಲ್ಲ ನೀನು, ಅದು ಇನ್ನೂ ಹಳೇ ಪಾಸ್‌ವರ್ಡನ್ನೇ ಹಿಡಿದು ಕೂತಿತ್ತು. ಮತ್ತೆ ಸೈನ್ ಇನ್ ಮಾಡಿ ಅಂತ ಮೇಲುಗಡೆ ಸೂಚನೆ ಬಂದಿತ್ತು. ಹೊಸದನ್ನು ಹಾಕಿದ ಮೇಲೆ ಸರಿಹೋಯಿತು. ನಿನ್ನ ಆಫೀಸ್ ಮೇಲ್ ವಿಷಯದಲ್ಲೂ ಇದು ಜ್ಞಾಪಕ ಇರಲಿ. ಲ್ಯಾಪ್‌ಟಾಪಿನಲ್ಲಿ ಬದಲಾಯಿಸಿ ಫೋನನ್ನು ಮರೆತರೆ, ಫೋನು ಹಳೆಯದರಿಂದಲೇ ಮತ್ತೆ ಮತ್ತೆ ಬಾಗಿಲು ಬಡಿಯುತ್ತಿರುತ್ತೆ. ತಪ್ಪು ಪಾಸ್‌ವರ್ಡ್ ಜಾಸ್ತಿ ಸಲ ಬಂದರೆ ಎಷ್ಟೋ ಆಫೀಸುಗಳಲ್ಲಿ ಖಾತೆಯೇ ಲಾಕ್ ಆಗುತ್ತೆ. ಬದಲಾಯಿಸಿದ ತಕ್ಷಣ ಫೋನಿನಲ್ಲೂ ಹಾಕಿಬಿಡು.

ಈಗ ಮುಖ್ಯ ವಿಷಯ. ಇದಕ್ಕೇ ಈ ಕಾಗದ.

ಪಾಸ್‌ವರ್ಡಿನ ಕೆಳಗೇ ರಿಕವರಿ ಫೋನ್ ಅಂತ ಇತ್ತು. ನಾಳೆ ನಾನು ಪಾಸ್‌ವರ್ಡ್ ಮರೆತರೆ ಕೋಡ್ ಬರುವುದು ಆ ನಂಬರಿಗೆ. ಅಲ್ಲಿದ್ದದ್ದು ನನ್ನ ನಂಬರಲ್ಲ, ನಿನ್ನದು. ಅದೂ ನೀನು ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದಾಗಿನದು. ನನಗೆ ಖಾತೆ ಮಾಡಿಕೊಟ್ಟಾಗ ನೀನು ಅದನ್ನೇ ಹಾಕಿದ್ದೆ. ಬೆಂಗಳೂರಿಗೆ ಹೋದ ಮೇಲೆ ಆ ಸಿಮ್ ಬಿಟ್ಟೆ. ನಾವಿಬ್ಬರೂ ಮರೆತೆವು.

ಬಿಟ್ಟ ನಂಬರು ಹಾಗೇ ಬಿದ್ದಿರಲ್ಲ. ಕಂಪನಿಯವರು ಕನಿಷ್ಠ 90 ದಿನ ಕಾದು ಬೇರೆಯವರಿಗೆ ಕೊಡುತ್ತಾರೆ. ಮನಸ್ಸು ತಡೆಯದೆ ಆ ನಂಬರಿಗೆ ಫೋನ್ ಮಾಡಿದೆ. ನನ್ನ ಫೋನಿನಲ್ಲಿ ಇನ್ನೂ "ಪುಟ್ಟಿ ಹಾಸನ" ಅಂತಲೇ ಇದೆ. ಎರಡು ಸಲ ರಿಂಗ್ ಆಗಿ ಒಬ್ಬ ಹುಡುಗ ಎತ್ತಿದ. ತುಮಕೂರು ಕಡೆಯವನಂತೆ. "ಯಾರಮ್ಮ ಬೇಕಿತ್ತು?" ಅಂತ ಮರ್ಯಾದೆಯಿಂದಲೇ ಕೇಳಿದ. ರಾಂಗ್ ನಂಬರ್ ಆಯ್ತಪ್ಪ ಅಂದು ಇಟ್ಟೆ. ಆಮೇಲೆ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ. ನಿನ್ನ ಹೆಸರಿನ ಜಾಗದಲ್ಲಿ ಬೇರೆ ಧ್ವನಿ ಕೇಳಿ ಹೊಟ್ಟೆಯಲ್ಲಿ ಹೇಗೋ ಆಯ್ತು. ಅವನದೇನೂ ತಪ್ಪಿಲ್ಲ, ದುಡ್ಡು ಕೊಟ್ಟು ತೆಗೆದುಕೊಂಡ ನಂಬರು. ಆದರೆ ನಮ್ಮ ಮನೆಯ ಕೋಡು ಇಷ್ಟು ದಿನ ಅವನ ಫೋನಿಗೆ ಹೋಗುವ ಹಾಗಿತ್ತು.

ಅಂಚೆ ಕಚೇರಿಯಲ್ಲಿ ನಾನು ಇದನ್ನು ಎಷ್ಟು ನೋಡಿದ್ದೇನೆ! ಊರು ಬಿಟ್ಟು ಹೋಗುವವರು ಹೊಸ ವಿಳಾಸ ಬರೆದು ಕೊಡದೇ ಹೋದರೆ ಕಾಗದ ಹಳೇ ಮನೆಗೇ ಹೋಗುತ್ತಿತ್ತು. ಒಂದು ಸಲ ಒಬ್ಬ ಹುಡುಗಿಯ ಇಂಟರ್‌ವ್ಯೂ ಕಾಗದ ಹಾಗೇ ಬಂತು. ಅವಳೀಗ ಎಲ್ಲಿದ್ದಾಳೆ ಅಂತ ಪತ್ತೆ ಹಚ್ಚಿ ತಲುಪಿಸುವಷ್ಟರಲ್ಲಿ ತಾರೀಖು ಕಳೆದಿತ್ತು. ಆ ಹುಡುಗಿಯ ಮುಖ ಇನ್ನೂ ಕಣ್ಣಮುಂದಿದೆ.

ಶುಕ್ರವಾರ ಸಂಜೆ ನಂಬರು ಬದಲಾಯಿಸಿದೆ. ಈಗ ನನ್ನದೇ ಇದೆ. ಆದರೆ ಬದಲಾಯಿಸಿದ ಮೇಲೂ 7 ದಿನ ಹಳೇ ನಂಬರಿಗೆ ಕೋಡ್ ಕಳಿಸುವ ಅವಕಾಶವನ್ನು ಗೂಗಲ್ ಇಟ್ಟುಕೊಂಡಿರಬಹುದಂತೆ. ಯಾರಾದರೂ ಕಳ್ಳರು ನಂಬರು ಬದಲಾಯಿಸಿದರೆ ನಿಜವಾದ ಯಜಮಾನರಿಗೆ ವಾಪಸ್ ಬರಲು ದಾರಿ ಇರಲಿ ಅಂತ. ಒಳ್ಳೆಯದೇ. ಹಾಗಾಗಿ ಕ್ಯಾಲೆಂಡರಿನಲ್ಲಿ ಈ ಶುಕ್ರವಾರಕ್ಕೆ ಗುರುತು ಹಾಕಿ ಕಾಯುತ್ತಿದ್ದೇನೆ.

ಎರಡು ಹಂತದ ಪರಿಶೀಲನೆಯನ್ನೂ, ಅಂದರೆ ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಕೋಡನ್ನೂ ಕೇಳುವುದನ್ನು, ಆನ್ ಮಾಡಿದ್ದೇನೆ. ನಮ್ಮಲ್ಲಿ ಮಳೆಗಾಲದಲ್ಲಿ ಓಟಿಪಿ ಬರುವುದೇ ಕಷ್ಟ ಅಲ್ವಾ? ಅದಕ್ಕೆ ಬ್ಯಾಕಪ್ ಕೋಡ್ ಅಂತ ಕೊಡುತ್ತಾರೆ, ಒಟ್ಟು 10, ಒಂದೊಂದು 8 ಅಂಕಿಯದು. ಒಂದನ್ನು ಒಂದೇ ಸಲ ಬಳಸಬಹುದು. ಅವನ್ನೂ ಡೈರಿಯಲ್ಲಿ ಬರೆದೆ. ಒಂದು ಬಳಸಿದರೆ ಒಂದಕ್ಕೆ ಗೆರೆ ಎಳೆಯುತ್ತೇನೆ. ಇನ್ನು, ಪಾಸ್‌ವರ್ಡ್ ಮುಗಿಯುತ್ತಿದೆ, ಇಲ್ಲಿ ಒತ್ತಿ ಅಂತ ಬರುವ ಮೆಸೇಜನ್ನು ನಂಬುವವಳಲ್ಲ ನಾನು. ಬದಲಾಯಿಸಬೇಕಾದರೆ ನಾನೇ ಸೆಟ್ಟಿಂಗ್ಸಿಗೆ ಹೋಗುತ್ತೇನೆ. ಆನ್‌ಲೈನ್ ಮೋಸದಲ್ಲಿ ದುಡ್ಡು ಹೋದರೆ ಸೈಬರ್ ಸಹಾಯವಾಣಿ 1930ಕ್ಕೆ ತಕ್ಷಣ ಫೋನ್ ಮಾಡಬೇಕು ಅನ್ನುವುದನ್ನೂ ನಿಮ್ಮಪ್ಪ ಗೋಡೆ ಮೇಲೆ ಬರೆದಿದ್ದಾರೆ.

ಈಗ ನಿನ್ನ ಕೆಲಸ. ಈ ಕಾಗದ ಸಿಕ್ಕಿದ ದಿನವೇ ನಿನ್ನ ಖಾತೆ ತೆಗೆದು ರಿಕವರಿ ನಂಬರು ನೋಡು. ನನಗೆ ಅನುಮಾನ, ಅಲ್ಲೂ ಹಾಸನದ್ದೇ ಇರಬೇಕು. ಇಲ್ಲದಿದ್ದರೆ ನಿಮ್ಮಪ್ಪ ಮೊದಲು ಇಟ್ಟುಕೊಂಡಿದ್ದ ನಂಬರು, ಅದೂ ಈಗ ಇಲ್ಲ. ನೀನು ಒಬ್ಬಳೇ ಅಷ್ಟು ದೂರ ಇದ್ದೀಯ. ಸಂಬಳದ ಕಾಗದ, ಬಾಡಿಗೆ ಕರಾರು ಎಲ್ಲಾ ಅದರಲ್ಲೇ ಇರುತ್ತೆ ಅಲ್ವಾ? ಈಗಿನ ನಂಬರು ಹಾಕು. ನಿನ್ನ ಪಾಸ್‌ವರ್ಡಿನಲ್ಲಿ ನಮ್ಮೂರಿನ ಹೆಸರಿದ್ದರೆ ಅದನ್ನೂ ತೆಗೆ.

ಚಳಿಗೆ ತಣ್ಣೀರಿನಲ್ಲಿ ತಲೆಗೆ ಸ್ನಾನ ಮಾಡಬೇಡ. ಮೆಣಸಿನ ಪುಡಿ, ಹಪ್ಪಳ ಕಟ್ಟಿಟ್ಟಿದ್ದೇನೆ, ಮಳೆ ಬಿಟ್ಟ ಮೇಲೆ ಪಾರ್ಸೆಲ್ ಮಾಡುತ್ತೇನೆ. ಈ ಕಾಗದವನ್ನು ನಾಳೆ ಬೆಳಗ್ಗೆ ನಿಮ್ಮಪ್ಪ ಅಂಚೆಗೆ ಹಾಕುತ್ತಾರೆ. ಭಾನುವಾರ ಕಣದ ಮೂಲೆಗೆ ಹೋಗಿ ಫೋನ್ ಮಾಡುತ್ತೇನೆ. ಯಾವ ನಂಬರು ಇತ್ತು ಅಂತ ಆಗ ಹೇಳು.

ಇಂತಿ ನಿನ್ನ
ಅಮ್ಮ