ಕರ್ತವ್ಯದಲ್ಲಿ ಮಡಿದವರ ಕುಟುಂಬಕ್ಕೆ ಪೌರತ್ವದ ದಾರಿ ಮುಚ್ಚದಿರಲಿ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಅಲ್ಲಿನ ಪೌರರನ್ನು ಮದುವೆಯಾಗಿ ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಪಡೆದವರು ಮೂರು ವರ್ಷಗಳ ನಂತರ ಪೌರತ್ವ ಪಡೆಯಬಹುದು. ಉಳಿದವರು ಸಾಮಾನ್ಯವಾಗಿ ಐದು ವರ್ಷ ಕಾಯಬೇಕು. ವಲಸೆ ಹೋದ ನಮ್ಮವರಲ್ಲಿ ಬಹಳ ಜನರಿಗೆ ತಿಳಿದಿರುವ ಈ ನಿಯಮದಲ್ಲಿ, ಅಷ್ಟಾಗಿ ಯಾರ ಗಮನಕ್ಕೂ ಬಾರದ ಒಂದು ಷರತ್ತಿದೆ. ಪೌರರಾದ ಪತಿ ಅಥವಾ ಪತ್ನಿ, ಅರ್ಜಿದಾರರು ಪ್ರಮಾಣವಚನ ಸ್ವೀಕರಿಸುವ ದಿನದವರೆಗೂ ಬದುಕಿರಬೇಕು. ಅರ್ಜಿ ಸಲ್ಲಿಸಿ, ಬೆರಳಚ್ಚು ಕೊಟ್ಟು, ಇಂಗ್ಲಿಷ್ ಮತ್ತು ಪೌರನೀತಿಯ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ, ಪ್ರಮಾಣವಚನದ ದಿನಾಂಕಕ್ಕಾಗಿ ಕಾಯುತ್ತಿರುವಾಗ ಅವರು ತೀರಿಕೊಂಡರೂ ಆ ಮೂರು ವರ್ಷದ ದಾರಿ ಅಲ್ಲಿಗೇ ಮುಚ್ಚುತ್ತದೆ. ಬದುಕುಳಿದವರು ಐದು ವರ್ಷದ ಸಾಮಾನ್ಯ ಸಾಲಿಗೆ ಹೋಗಿ ನಿಲ್ಲಬೇಕು. ತೀರಿಕೊಂಡವರು ಉರಿಯುವ ಕಟ್ಟಡದೊಳಕ್ಕೆ ನುಗ್ಗಿದ ಅಗ್ನಿಶಾಮಕ ಸಿಬ್ಬಂದಿಯೇ ಆಗಿರಲಿ, ಗುಂಡಿಗೆ ಎದೆಯೊಡ್ಡಿದ ಪೊಲೀಸರೇ ಆಗಿರಲಿ, ಲೆಕ್ಕ ಬದಲಾಗುವುದಿಲ್ಲ.

ಇದನ್ನು ಸರಿಪಡಿಸಲು ಹೊಸ ತತ್ವವನ್ನೇನೂ ಹುಡುಕಬೇಕಾಗಿಲ್ಲ ಎಂಬುದೇ ಈ ಪತ್ರ ಬರೆಯಲು ಕಾರಣ. ಅಮೆರಿಕದ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆಯ ಸೆಕ್ಷನ್ 319(ಡಿ) ಪ್ರಕಾರ, ಸಕ್ರಿಯ ಸೇನಾ ಸೇವೆಯಲ್ಲಿದ್ದಾಗ ಗೌರವಾರ್ಹವಾಗಿ ಪ್ರಾಣ ತೆತ್ತ ಪೌರರ ಸಂಗಾತಿಯು ಇಷ್ಟು ವರ್ಷ ಆ ದೇಶದಲ್ಲಿ ವಾಸವಾಗಿರಲೇಬೇಕು ಎಂಬ ನಿಬಂಧನೆಯಿಲ್ಲದೆ ಪೌರತ್ವ ಪಡೆಯಬಹುದು. 2003ರಲ್ಲಿ ಈ ಸೌಲಭ್ಯವನ್ನು ಮಡಿದ ಯೋಧರ ಮಕ್ಕಳಿಗೂ ತಂದೆ ತಾಯಿಗಳಿಗೂ ವಿಸ್ತರಿಸಲಾಯಿತು. ದೇಶಕ್ಕಾಗಿ ಸತ್ತವರ ಮನೆಯವರನ್ನು ದೇಶ ಕಾಯಿಸಬಾರದು ಎಂಬ ತಿಳಿವಳಿಕೆ ಅಲ್ಲಿನ ಕಾನೂನಿನಲ್ಲಿ ಆಗಲೇ ಇದೆ. ಸಮವಸ್ತ್ರದ ಬಣ್ಣ ಬೇರೆಯಾದ ಮಾತ್ರಕ್ಕೆ ಅದು ಅನ್ವಯಿಸದೆ ಹೋಗುವುದು ನನಗೆ ಸರ್ವಥಾ ನ್ಯಾಯವೆನಿಸುವುದಿಲ್ಲ.

ಈ ಕೊರತೆಯನ್ನು ತುಂಬಲು ಅಮೆರಿಕದ ಸಂಸತ್ತಿನಲ್ಲಿ ಮಂಡನೆಯಾದ ಮಸೂದೆಗೆ ನೆಬ್ರಾಸ್ಕಾ ರಾಜ್ಯದ ಒಮಾಹಾ ನಗರದ ಪೊಲೀಸ್ ಅಧಿಕಾರಿ ಕೆರ್ರಿ ಒರೊಜ್ಕೊ ಅವರ ಹೆಸರಿಡಲಾಗಿದೆ. ಆಕೆ 2015ರ ಮೇ 20ರಂದು ಆರೋಪಿಯೊಬ್ಬನನ್ನು ಬಂಧಿಸಲು ಹೋದಾಗ ಗುಂಡೇಟಿಗೆ ಬಲಿಯಾದರು. ಫೆಬ್ರವರಿಯಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಅವರ ಹೆಣ್ಣುಮಗು ಇನ್ನೂ ಆಸ್ಪತ್ರೆಯಲ್ಲಿತ್ತು. ಮರುದಿನ ಮಗುವನ್ನು ಮನೆಗೆ ಕರೆತಂದು ತಾಯಿ ಹೆರಿಗೆ ರಜೆ ಆರಂಭಿಸುವವರಿದ್ದರು. ಅವರ ಪತಿ ವಲಸೆ ಬಂದವರು. ಇಂತಹ ಸಂಗಾತಿಗಳಿಗೆ ಸೈನಿಕರ ಸಂಗಾತಿಗಳಿಗಿರುವ ವಿನಾಯಿತಿಯನ್ನೇ ಕೊಡಬೇಕೆಂಬುದು ಮಸೂದೆಯ ಸಾರ.

"ಗ್ರೀನ್ ಕಾರ್ಡ್ ಹೇಗೂ ಇದೆಯಲ್ಲ, ಇನ್ನೆರಡು ವರ್ಷ ಕಾದರೆ ಏನು ನಷ್ಟ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ಪ್ರಾಮಾಣಿಕವಾದದ್ದೇ, ಆದರೆ ಸಾವು ನಡೆದ ಮನೆಯ ಒಳಗೆ ನಿಂತು ಕೇಳಿದ್ದಲ್ಲ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಕೈಗೂಸನ್ನೆತ್ತಿಕೊಂಡು ತವರಿಗೆ ಹೋಗುತ್ತಾಳೆ ಎಂದುಕೊಳ್ಳಿ. ಅಲ್ಲಿ ಆರು ತಿಂಗಳಿಗಿಂತ ಹೆಚ್ಚು ಕಾಲ ಉಳಿದರೆ, ಅಮೆರಿಕದಲ್ಲಿ ನಿರಂತರವಾಗಿ ವಾಸವಾಗಿದ್ದಳೆಂಬ ಷರತ್ತು ಮುರಿದುಬಿತ್ತೆಂದು ಅಧಿಕಾರಿಗಳು ಭಾವಿಸುತ್ತಾರೆ; ಹಾಗಾಗಿಲ್ಲವೆಂದು ದಾಖಲೆ ಕೊಟ್ಟು ಸಾಬೀತುಪಡಿಸುವ ಹೊಣೆ ಆಕೆಯದು. ವರ್ಷ ದಾಟಿದರೆ ಅಲ್ಲಿಯವರೆಗಿನ ಲೆಕ್ಕವೇ ಕಡಿದುಹೋಗುತ್ತದೆ. ಇದಲ್ಲದೆ ಐದು ವರ್ಷಗಳಲ್ಲಿ ಕನಿಷ್ಠ 30 ತಿಂಗಳು ಆ ನೆಲದ ಮೇಲೆ ಖುದ್ದಾಗಿ ಇದ್ದಿರಬೇಕು. ತಾಯಿಯ ಮಡಿಲಲ್ಲಿ ಅತ್ತು ಹಗುರಾಗಬೇಕಾದ ಹೊತ್ತಿನಲ್ಲಿ ಆಕೆ ಪಾಸ್‌ಪೋರ್ಟಿನ ಮೊಹರುಗಳನ್ನು ನೋಡುತ್ತ ದಿನ ಎಣಿಸಬೇಕು.

ಆಕೆ ಅಲ್ಲಿಯೇ ಉಳಿದಳೆಂದುಕೊಂಡರೆ ಇನ್ನೊಂದು ಬಗೆಯ ಕಷ್ಟ. ಮಗುವನ್ನು ನೋಡಿಕೊಳ್ಳಲು ಊರಿನಿಂದ ತಾಯಿಯನ್ನು ಕರೆಸಿಕೊಂಡು ಕಾಯಂ ಆಗಿ ಜೊತೆಯಲ್ಲಿ ಇರಿಸಿಕೊಳ್ಳಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ತಂದೆ ತಾಯಿಯ ಗ್ರೀನ್ ಕಾರ್ಡಿಗಾಗಿ ಅರ್ಜಿ ಹಾಕುವ ಹಕ್ಕಿರುವುದು 21 ವರ್ಷ ತುಂಬಿದ ಪೌರರಿಗೆ ಮಾತ್ರ. ಗ್ರೀನ್ ಕಾರ್ಡಿನ ಮೇಲೆ ಇರುವವರಿಗೆ ಆ ಹಕ್ಕಿಲ್ಲ. ಸಂದರ್ಶಕರ ವೀಸಾದ ಮೇಲೆ ತಾಯಿ ಬಂದು ಕೆಲವು ತಿಂಗಳಿದ್ದು ಹೊರಟು ನಿಲ್ಲಬೇಕು. ಒಂಟಿ ಪೋಷಕರಿಗೆ ಕೈಯಾಸರೆ ಅತ್ಯಂತ ಅಗತ್ಯವಾಗಿರುವ ವರ್ಷಗಳೇ ಈ ಕಾಯುವಿಕೆಯಲ್ಲಿ ಕಳೆದುಹೋಗುತ್ತವೆ. ಫೆಡರಲ್ (ಕೇಂದ್ರ) ಸರ್ಕಾರದ ಹೆಚ್ಚಿನ ನೌಕರಿಗಳು, ಮತದಾನ ಇವೆಲ್ಲ ಪೌರರಿಗೇ ಮೀಸಲು ಎಂಬುದನ್ನು ಪ್ರತ್ಯೇಕವಾಗಿ ವಿವರಿಸಬೇಕಾಗಿಲ್ಲ.

ವಿನಾಯಿತಿ ಎಂದೊಡನೆ ಪೌರತ್ವವನ್ನು ಸುಮ್ಮನೆ ಹಂಚುತ್ತಾರೆಂಬ ಭಯವೂ ಬೇಡ. ಮೊದಲು ಗ್ರೀನ್ ಕಾರ್ಡ್ ಇರಲೇಬೇಕು. ಇಂಗ್ಲಿಷ್ ಪರೀಕ್ಷೆ, ಪೌರನೀತಿ ಪರೀಕ್ಷೆ, ನಡತೆಯ ವಿಚಾರಣೆ, ಪ್ರಮಾಣವಚನ ಇವುಗಳಲ್ಲಿ ಯಾವುದೂ ತಪ್ಪುವುದಿಲ್ಲ. ಮರಣದ ಸಮಯದಲ್ಲಿ ದಂಪತಿ ಒಟ್ಟಿಗೆ ಬಾಳುತ್ತಿದ್ದರೆಂಬುದನ್ನು ಸೈನಿಕರ ಸಂಗಾತಿಗಳು ತೋರಿಸಬೇಕು, ಇವರೂ ತೋರಿಸಲಿ. ಬಿಡುವುದು ಕಾಲದ ಷರತ್ತನ್ನು ಮಾತ್ರ. ಕಾಲ ಓಡುವುದನ್ನು ನಿಲ್ಲಿಸಿದ್ದು ಅರ್ಜಿದಾರರ ತಪ್ಪಿನಿಂದಲ್ಲ, ಅವರ ಸಂಗಾತಿಯ ಕರ್ತವ್ಯನಿಷ್ಠೆಯಿಂದ.

ಕರ್ತವ್ಯದ ಮೇಲಿನ ಸಾವು ಯಾವುದು, ಯಾವುದಲ್ಲ ಎಂಬುದನ್ನು ನಿರ್ಧರಿಸುವುದೂ ಹೊಸ ಕೆಲಸವಲ್ಲ. ಸಾರ್ವಜನಿಕ ಸುರಕ್ಷತಾ ಅಧಿಕಾರಿಗಳ ಕುಟುಂಬಗಳಿಗೆ ಪರಿಹಾರಧನ ಕೊಡುವ ಫೆಡರಲ್ ಕಾಯ್ದೆ 1976ರಿಂದಲೇ ಜಾರಿಯಲ್ಲಿದೆ. ಪೊಲೀಸರು ಮತ್ತು ಅಗ್ನಿಶಾಮಕ ಸಿಬ್ಬಂದಿಯ ಜೊತೆಗೆ ನಂತರದ ವರ್ಷಗಳಲ್ಲಿ ಆಂಬುಲೆನ್ಸ್ ಸಿಬ್ಬಂದಿಯೂ ಅದರ ವ್ಯಾಪ್ತಿಗೆ ಬಂದರು. ಕೆಲಸದ ಶ್ರಮದಿಂದ ಹೃದಯಾಘಾತವಾಗಿ ಸತ್ತವರನ್ನೂ 2003ರ ತಿದ್ದುಪಡಿ ಸೇರಿಸಿಕೊಂಡಿತು. ಈ ವ್ಯಾಖ್ಯೆಯನ್ನೇ ಪೌರತ್ವಕ್ಕೂ ಬಳಸಬಹುದು. ಆದರೆ ಪರಿಹಾರಧನದ ಕಡತ ಇತ್ಯರ್ಥವಾಗಲು ಹಿಡಿಯುವ ಕಾಲಕ್ಕೆ ಪೌರತ್ವದ ಅರ್ಜಿಯನ್ನು ಕಟ್ಟಿಹಾಕಬಾರದು. ಮೃತರು ಕೆಲಸ ಮಾಡುತ್ತಿದ್ದ ಇಲಾಖೆಯ ಪ್ರಮಾಣಪತ್ರವೇ ಸಾಕಾಗಬೇಕು. ಇಲ್ಲವಾದರೆ ಒಂದು ಕಾಯುವಿಕೆಯನ್ನು ತೆಗೆದು ಇನ್ನೊಂದನ್ನು ಹೇರಿದಂತಾಗುತ್ತದೆ.

ಸಾವಿನ ಮುಂದೆ ಅಮೆರಿಕದ ವಲಸೆ ಕಾನೂನು ಮಣಿದದ್ದು ಈ ಹಿಂದೆಯೂ ಉಂಟು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲು ಪೌರ ಸಂಗಾತಿ ತೀರಿಕೊಂಡರೆ ಗ್ರೀನ್ ಕಾರ್ಡಿನ ಅವಕಾಶವೇ ತಪ್ಪಿಹೋಗುವ ಕಟು ನಿಯಮವೊಂದು ಅಲ್ಲಿ ಬಹುಕಾಲ ಇತ್ತು; ನೊಂದ ಕುಟುಂಬಗಳು ನ್ಯಾಯಾಲಯಗಳಲ್ಲಿ ಹೋರಾಡಿದ ಮೇಲೆ 2009ರಲ್ಲಿ ಸಂಸತ್ತು ಅದನ್ನು ತೆಗೆದುಹಾಕಿತು. ನ್ಯೂಯಾರ್ಕಿನ ಅಗ್ನಿಶಾಮಕ ಇಲಾಖೆಯ 343 ಮಂದಿ ಒಂದೇ ದಿನ ಮಡಿದ 2001ರ ಸೆಪ್ಟೆಂಬರ್ 11ರ ದಾಳಿಯ ನಂತರವಂತೂ, ಆ ದಾಳಿಯಲ್ಲಿ ತಮ್ಮವರನ್ನು ಕಳೆದುಕೊಂಡ ವಲಸಿಗ ಕುಟುಂಬಗಳು ವೀಸಾ ಕಳೆದುಕೊಳ್ಳದಂತೆ ಎರಡು ತಿಂಗಳೊಳಗೆ ಶಾಸನವಾಯಿತು. ಮನಸ್ಸಿದ್ದರೆ ಎಷ್ಟು ಬೇಗ ಆಗುತ್ತದೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಮಸೂದೆಯ ವಿಚಾರದಲ್ಲಿ ನನ್ನ ಆಗ್ರಹಗಳೂ ಇವೆ. ವಿನಾಯಿತಿ ಸಂಗಾತಿಗಷ್ಟೇ ನಿಲ್ಲದೆ, ಸೈನಿಕರ ಕುಟುಂಬಕ್ಕಿರುವಂತೆ ಮಕ್ಕಳಿಗೂ ತಂದೆ ತಾಯಿಗೂ ಸಿಗಬೇಕು. ಅಮೆರಿಕದ ಅಗ್ನಿಶಾಮಕ ಸಿಬ್ಬಂದಿಯಲ್ಲಿ ಸರಿಸುಮಾರು ಮೂರನೇ ಎರಡು ಭಾಗದಷ್ಟು ಜನ ಸಂಬಳವಿಲ್ಲದ ಸ್ವಯಂಸೇವಕರು. ಅವರನ್ನು ಹೊರಗಿಟ್ಟರೆ ಗ್ರಾಮೀಣ ಭಾಗದ ಕುಟುಂಬಗಳಿಗೆ ಈ ಕಾನೂನಿನಿಂದ ಪ್ರಯೋಜನವೇ ಆಗುವುದಿಲ್ಲ. ಮೃತರೇ ಪೌರರಾಗಿರದಿದ್ದ ಸಂದರ್ಭವನ್ನೂ ಯೋಚಿಸಬೇಕು. ಗ್ರೀನ್ ಕಾರ್ಡ್ ಮಾತ್ರ ಇದ್ದವರೂ ಆಂಬುಲೆನ್ಸ್‌ಗಳಲ್ಲಿ ದುಡಿಯುತ್ತಾರೆ. ಕ್ಯಾಲಿಫೋರ್ನಿಯಾ ರಾಜ್ಯವು 2023ರಿಂದ ಪೊಲೀಸರು ಪೌರರೇ ಆಗಿರಬೇಕೆಂಬ ನಿಯಮವನ್ನು ಕೈಬಿಟ್ಟಿದೆ. ಯುದ್ಧಕಾಲದ ಸೇವೆಯಲ್ಲಿ ಮಡಿದ ಪೌರರಲ್ಲದ ಯೋಧರಿಗೆ ಮರಣೋತ್ತರ ಪೌರತ್ವ ನೀಡುವ ಪದ್ಧತಿ ಅಲ್ಲಿ ಉಂಟು. ಅದೇ ಗೌರವವನ್ನು ಇವರಿಗೂ ಕೊಟ್ಟರೆ ಅವರ ಕುಟುಂಬದ ದಾರಿಯೂ ತೆರೆದುಕೊಳ್ಳುತ್ತದೆ.

ದೂರದ ದೇಶದ ಕಾನೂನು ನಮಗೇಕೆ ಎನ್ನುವವರು, ಟೆಕ್ಸಾಸಿನ ಹ್ಯಾರಿಸ್ ಕೌಂಟಿಯಲ್ಲಿ 2019ರ ಸೆಪ್ಟೆಂಬರ್ 27ರಂದು ವಾಹನ ತಪಾಸಣೆಯ ವೇಳೆ ಗುಂಡಿಗೆ ಬಲಿಯಾದ ಸಂದೀಪ್ ಸಿಂಗ್ ಧಲಿವಾಲ್ ಅವರನ್ನು ನೆನೆಯಬೇಕು. ಪೇಟ ಧರಿಸಿಯೇ ಕರ್ತವ್ಯ ನಿರ್ವಹಿಸಿದ ಅಲ್ಲಿನ ಮೊದಲ ಸಿಖ್ ಡೆಪ್ಯುಟಿ (ಕೌಂಟಿಯ ಪೊಲೀಸ್ ಅಧಿಕಾರಿ) ಅವರು, ಹುಟ್ಟಿದ್ದು ಭಾರತದಲ್ಲಿ. ನಮ್ಮ ನೆಲದ ಮಕ್ಕಳು ಆ ಸಮವಸ್ತ್ರಗಳನ್ನು ತೊಡುತ್ತಿದ್ದಾರೆ, ತೊಟ್ಟವರನ್ನು ಮದುವೆಯಾಗುತ್ತಿದ್ದಾರೆ. ತಮ್ಮ ಪತ್ರಿಕೆಯನ್ನು ಅಂತರ್ಜಾಲದಲ್ಲಿ ಓದುವ ಅಮೆರಿಕದ ಕನ್ನಡಿಗರಲ್ಲಿ ಮತದಾನದ ಹಕ್ಕುಳ್ಳವರು ಅನೇಕರಿದ್ದಾರೆ. ಅವರು ತಮ್ಮ ಕ್ಷೇತ್ರದ ಪ್ರತಿನಿಧಿಗೂ ತಮ್ಮ ರಾಜ್ಯದ ಇಬ್ಬರು ಸೆನೆಟರುಗಳಿಗೂ ಈ ಮಸೂದೆಯ ಬಗ್ಗೆ ಬರೆಯಬೇಕೆಂದೂ, ಬರೆಯುವಾಗ ಮಕ್ಕಳು, ತಂದೆ ತಾಯಿ ಮತ್ತು ಸ್ವಯಂಸೇವಕರ ಕುಟುಂಬಗಳನ್ನು ಸೇರಿಸುವಂತೆ ಕೇಳಬೇಕೆಂದೂ ಈ ಮೂಲಕ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ