ಬೆಟ್ಟದ ಚಿಂತೆ ಬಿಡು, ಅಪ್ಪನ ಮಾತ್ರೆ ನೋಡು

ಗ್ಲಾಸ್ಗೋ
ಡಿಸೆಂಬರ್ 19

ಪ್ರೀತಿಯ ಅಮ್ಮ,

ನಾನಿಲ್ಲಿ ಕ್ಷೇಮ. ಅಜ್ಜಿಗೆ, ದೊಡ್ಡಮ್ಮನಿಗೆ ನಮಸ್ಕಾರ, ಪುಟ್ಟಿಗೆ ಮುತ್ತು. ನಿನ್ನ ಪತ್ರವನ್ನು ಪುಟ್ಟಿ ಫೋಟೋ ತೆಗೆದು ಕಳಿಸಿದ್ದಾಳೆ, ಪೂರ್ತಿ ಓದಿದೆ. ನಾನು ಬೆಟ್ಟ ಹತ್ತುವುದರ ಬಗ್ಗೆ ಪುಟಗಟ್ಟಲೆ ಬೈದಿದ್ದೀಯ, ಅಪ್ಪ ಮಾತ್ರೆ ನಿಲ್ಲಿಸಿದ ವಿಷಯ ಮಾತ್ರ ಕೊನೆಯಲ್ಲಿ ಎರಡೇ ಸಾಲು. ನನ್ನ ತಲೆಯಲ್ಲಿ ಈಗ ಕೊರೆಯುತ್ತಿರುವುದು ಆ ಎರಡು ಸಾಲು. ಆದರೂ ಮೊದಲು ಬೆಟ್ಟದ ಮಾತು ಮುಗಿಸುತ್ತೇನೆ, ಇಲ್ಲದಿದ್ದರೆ ನಿನಗೆ ಬೇರೆ ಏನೂ ಕಿವಿಗೆ ಹೋಗುವುದಿಲ್ಲ.

ನಾವು ಹುಡುಗಿಯರು ದಾನ ಎತ್ತಲು ಹತ್ತುವುದು ಬೆನ್ ನೆವಿಸ್. ಇಡೀ ಬ್ರಿಟನ್ನಿನಲ್ಲೇ ಎತ್ತರದ ಬೆಟ್ಟ, 1,345 ಮೀಟರ್. ನಮ್ಮ ಮುಳ್ಳಯ್ಯನಗಿರಿ ಇದಕ್ಕಿಂತ ಐನೂರು ಮೀಟರ್‌ಗೂ ಜಾಸ್ತಿ ಎತ್ತರ ಇದೆ ಅಮ್ಮ, ಅದನ್ನು ಇಲ್ಲಿ ಸಿಕ್ಕಿದವರಿಗೆಲ್ಲ ಹೇಳಿದ್ದೇನೆ. ಹಾಗಂತ ಅಣ್ಣ "ಇಷ್ಟೇನಾ" ಅನ್ನುವ ಹಾಗಿಲ್ಲ. ಮುಳ್ಳಯ್ಯನಗಿರಿಗೆ ಮುಕ್ಕಾಲು ಪಾಲು ಗಾಡಿ ಹೋಗುತ್ತದೆ, ಆಮೇಲೆ ಮೆಟ್ಟಿಲು. ಇಲ್ಲಿ ಗ್ಲೆನ್ ನೆವಿಸ್ ಕಣಿವೆ ಹೆಚ್ಚುಕಡಿಮೆ ಸಮುದ್ರ ಮಟ್ಟದಲ್ಲೇ ಇದೆ, ಅಲ್ಲಿಂದ ತುದಿವರೆಗೂ ನಡೆದೇ ಹತ್ತಬೇಕು. ಹೋಗಿ ಬರಲು ಹದಿನಾರು ಕಿಲೋಮೀಟರ್ ಚಿಲ್ಲರೆ. ಬೇಸಿಗೆಯಲ್ಲಿ ಶೂ ಹಾಕಿಕೊಂಡು ಮಕ್ಕಳೂ ಹತ್ತುತ್ತಾರೆ. ಡಿಸೆಂಬರ್‌ನಲ್ಲಿ ಅದೇ ದಾರಿ ಬೇರೆಯದೇ ಬೆಟ್ಟ. ಮೇಲೆ ಹಿಮ, ಮಂಜು, ಗಾಳಿ. ಅದಕ್ಕೇ ಇಷ್ಟು ತಯಾರಿ.

ಕಾಲೇಜಿಗೆ ಚಳಿಗಾಲದ ರಜೆ ಬಿಟ್ಟಿದೆ. ಕ್ರಿಸ್‌ಮಸ್ ಕಳೆದ ಮೇಲೆ, ಹೊಸ ವರ್ಷಕ್ಕೆ ಮುಂಚೆ ಹೋಗುತ್ತೇವೆ. ಕ್ರಿಸ್‌ಮಸ್ ದಿನ ಇಲ್ಲಿ ಒಂದೇ ಒಂದು ರೈಲು ಓಡುವುದಿಲ್ಲ, ಗೊತ್ತಾ? ನಮ್ಮಲ್ಲಿ ಹಬ್ಬ ಅಂದರೆ ಸ್ಪೆಷಲ್ ರೈಲು ಬಿಡುತ್ತಾರೆ, ಇಲ್ಲಿ ಇರುವುದನ್ನೂ ನಿಲ್ಲಿಸುತ್ತಾರೆ. ಅದಕ್ಕೇ ಟಿಕೆಟ್ ಮೊದಲೇ ತೆಗೆದಾಗಿದೆ.

ಸೆಪ್ಟೆಂಬರ್‌ನಿಂದ ವಾರ ವಾರ ನಡೆಯುತ್ತಿದ್ದೇವೆ. ಮೊದಲು ಊರಾಚೆಯ ಸಣ್ಣ ಗುಡ್ಡಗಳು, ಆಮೇಲೆ ಕಾನಿಕ್ ಹಿಲ್, ನವೆಂಬರ್‌ನಲ್ಲಿ ಬೆನ್ ಲೋಮಂಡ್, ಅದು 974 ಮೀಟರ್. ಮಳೆ ಬಂದ ದಿನವೂ ಹೋದೆವು, ಬೇಕಂತಲೇ. ಒದ್ದೆಯಲ್ಲಿ ಯಾವ ಬಟ್ಟೆ ಕೈ ಕೊಡುತ್ತದೆ ಅನ್ನುವುದು ಒಣ ದಿನ ಗೊತ್ತಾಗುವುದಿಲ್ಲ. ನೀನು ಪಾರ್ಸಲ್‌ನಲ್ಲಿ ಕಳಿಸಿದ ಹತ್ತಿ ಬನಿಯನ್ನು ಕೋಣೆಯಲ್ಲಿ ಹಾಕಿಕೊಳ್ಳುತ್ತೇನೆ, ಬೆಟ್ಟಕ್ಕೆ ಬೇಡ. ಹತ್ತಿ ಬೆವರು ಕುಡಿದು ಒದ್ದೆಯಾಗಿಯೇ ಇರುತ್ತದೆ, ಮೈ ಬಿಸಿಯನ್ನೆಲ್ಲ ಎಳೆದುಬಿಡುತ್ತದೆ. ಮೈಗೆ ತಾಗುವುದು ಉಣ್ಣೆ, ಅದರ ಮೇಲೆ ಫ್ಲೀಸ್ ಅನ್ನುವ ಮೆತ್ತನೆಯ ಬೆಚ್ಚನೆ ಅಂಗಿ, ಅದರ ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್. ಅಜ್ಜಿ ಹೆಣೆದ ಉಣ್ಣೆ ಟೋಪಿ ಮಾತ್ರ ಖಂಡಿತ ನನ್ನ ತಲೆಯ ಮೇಲೆ ಇರುತ್ತದೆ, ಅಜ್ಜಿಗೆ ಹೇಳು. ಕೈಗವಸು ಒಂದು ಜೊತೆ ಸಾಲದು, ಒದ್ದೆಯಾದರೆ ಬದಲಾಯಿಸಲು ಇನ್ನೆರಡು ಜೊತೆ.

ಕ್ರಾಂಪಾನ್ ಅಂತ ಇದೆ, ಬೂಟಿನ ಅಡಿಗೆ ಕಟ್ಟುವ ಉಕ್ಕಿನ ಹಲ್ಲುಗಳು. ಅದನ್ನು ಕಟ್ಟಿ ನಡೆಯುವಾಗ ಕಾಲು ಸ್ವಲ್ಪ ಅಗಲಿಸಿ ಇಡಬೇಕು, ಇಲ್ಲದಿದ್ದರೆ ನಮ್ಮ ಪ್ಯಾಂಟಿಗೇ ಸಿಕ್ಕಿಕೊಳ್ಳುತ್ತದೆ. ಕೈಯಲ್ಲಿ ಐಸ್ ಆ್ಯಕ್ಸ್, ಹಿಮಕ್ಕೆ ನಾಟುವ ಸಣ್ಣ ಕೊಡಲಿ. ಜಾರಿದರೆ ಮೈಯನ್ನು ಹೊರಳಿಸಿ, ಅದರ ಮೊನೆಯನ್ನು ಎದೆಯ ಭಾರದಿಂದ ಹಿಮಕ್ಕೆ ಒತ್ತಿ ನಿಲ್ಲಬೇಕು. ಇದನ್ನು ಸಣ್ಣ ಇಳಿಜಾರಿನಲ್ಲಿ ಬೇಕಂತಲೇ ಜಾರಿ ಜಾರಿ ಕಲಿಸಿದರು. ಅಂಗಾತ ಜಾರುವುದು, ತಲೆ ಕೆಳಗಾಗಿ ಜಾರುವುದು, ಎಲ್ಲ. ಯೋಚನೆ ಮಾಡುವ ಮೊದಲೇ ಕೈ ತಾನಾಗಿ ಕೆಲಸ ಮಾಡಬೇಕು, ಅಲ್ಲಿವರೆಗೂ ಬಿಡಲಿಲ್ಲ.

ಹುಡುಗಿಯರೇ ಹೋಗುತ್ತೀರಾ ಅಂತ ಕೇಳಿದ್ದೀಯ. ನಮ್ಮ ಜೊತೆ ಬರುವವರು ಚಳಿಗಾಲದ ಬೆಟ್ಟಗಳಲ್ಲಿ ಜನರನ್ನು ಕರೆದೊಯ್ಯಲೆಂದೇ ಪರೀಕ್ಷೆ ಪಾಸಾದ ಗೈಡ್, ಐವತ್ತು ದಾಟಿದ ಹೆಂಗಸು. ಅವರ ಮಾತೇ ಕೊನೆ. ಹಿಂದಿನ ಸಂಜೆ ಬೆಟ್ಟದ ಹವಾಮಾನ ನೋಡುತ್ತಾರೆ, ಹಿಮ ಕುಸಿಯುವ ಅಪಾಯ ಎಷ್ಟಿದೆ ಅಂತ ಇಲ್ಲಿ ದಿನಾ ವರದಿ ಬರುತ್ತದೆ, ಅದನ್ನೂ ನೋಡುತ್ತಾರೆ. ಸರಿ ಕಾಣದಿದ್ದರೆ ಹತ್ತುವುದೇ ಇಲ್ಲ. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಬೆಳಕಾಗುವುದೇ ಒಂಬತ್ತರ ಹತ್ತಿರ, ಮೂರೂಮುಕ್ಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಹಾಗಾಗಿ ಕತ್ತಲಲ್ಲೇ ಹಣೆಗೆ ದೀಪ ಕಟ್ಟಿಕೊಂಡು ಹೊರಡುವುದು, ಮಧ್ಯಾಹ್ನ ಹನ್ನೆರಡೂವರೆಗೆ ಎಲ್ಲೇ ಇದ್ದರೂ, ತುದಿ ಕಣ್ಣೆದುರಿಗೇ ಇದ್ದರೂ, ವಾಪಸ್ ತಿರುಗುವುದು. ಇದು ಮೊದಲೇ ಆಗಿರುವ ತೀರ್ಮಾನ.

ಅಪಾಯ ಇರುವುದು ಇಳಿಯುವಾಗ. ತುದಿಯಲ್ಲಿ ಮಂಜು ಮುಚ್ಚಿದರೆ ಒಂದು ಪಕ್ಕ ಉತ್ತರದ ಕಡಿದಾದ ಬಂಡೆ, ಇನ್ನೊಂದು ಪಕ್ಕ ಫೈವ್ ಫಿಂಗರ್ ಗಲ್ಲಿ ಅನ್ನುವ ಕೊರಕಲು. ಅವೆರಡರ ನಡುವೆ ಹಾಯಬೇಕು. ದಿಕ್ಸೂಚಿ ಇಟ್ಟು 231 ಡಿಗ್ರಿಗೆ 150 ಮೀಟರ್, ಆಮೇಲೆ 282 ಡಿಗ್ರಿಗೆ ತಿರುಗಬೇಕು. ಇದು ನಮಗೆಲ್ಲ ಮಗ್ಗಿಯ ಹಾಗೆ ಬಾಯಿಗೆ ಬಂದಿದೆ. ಆ 150 ಮೀಟರ್‌ಗೆ ನನಗೆ ಎಷ್ಟು ಹೆಜ್ಜೆ ಬೇಕು ಅನ್ನುವುದನ್ನೂ ಪಾರ್ಕಿನಲ್ಲಿ ಅಳೆದು ಇಟ್ಟುಕೊಂಡಿದ್ದೇನೆ. ಏನಾದರೂ ಆದರೆ ಇಲ್ಲಿನ ತುರ್ತು ನಂಬರ್ 999ಕ್ಕೆ ಫೋನ್, ಸಿಗ್ನಲ್ ಸಾಲದಿದ್ದರೆ ಮೆಸೇಜ್ ಕಳಿಸಬಹುದು, ಅದಕ್ಕೆ ಮೊದಲೇ ನಂಬರ್ ನೋಂದಾಯಿಸಿದ್ದೇವೆ. ಕರೆದರೆ ಬೆಟ್ಟಕ್ಕೆ ಬರುವವರು ಬಹುತೇಕ ಊರಿನ ಸಾಮಾನ್ಯ ಜನ. ತಮ್ಮ ಕೆಲಸ ಬಿಟ್ಟು, ಮಧ್ಯರಾತ್ರಿಯಾದರೂ, ಒಂದು ಪೈಸೆ ತೆಗೆದುಕೊಳ್ಳದೆ ಬರುತ್ತಾರೆ. ಈ ದೇಶದ ಬಗ್ಗೆ ನನಗೆ ತುಂಬಾ ಗೌರವ ಬಂದಿದ್ದು ಈ ವಿಷಯಕ್ಕೆ.

ದಾನ ಮಾಡಬೇಕಾದರೆ ಸುಮ್ನೆ ದುಡ್ಡು ಕೊಟ್ಟರೆ ಆಯಿತಲ್ಲ, ಬೆಟ್ಟ ಯಾಕೆ ಅಂತ ಕೇಳಿದ್ದೀಯ. ಅಜ್ಜಿ ಹರಕೆ ಹೊತ್ತು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದ್ದರಲ್ಲ ಅಮ್ಮ, ಇದೂ ಹಾಗೇ. ನಾವು ಕಷ್ಟಪಡುತ್ತೇವೆ ಅಂತ ಗೊತ್ತಾದರೆ ಜನ ಕೈ ಬಿಚ್ಚಿ ಕೊಡುತ್ತಾರೆ. ಇಲ್ಲಿ ತೆರಿಗೆ ಕಟ್ಟುವವರು ಒಂದು ಪೌಂಡ್ ದಾನ ಕೊಟ್ಟರೆ ಸರ್ಕಾರ ಅದಕ್ಕೆ 25 ಪೆನ್ಸ್ ಸೇರಿಸುತ್ತದೆ. ಹೊಸ ವರ್ಷದ ದಿನ ಎಡಿನ್‌ಬರಾ ಹತ್ತಿರ ಕೊರೆಯುವ ಸಮುದ್ರಕ್ಕೆ ವೇಷ ಹಾಕಿಕೊಂಡು ಹಾರುತ್ತಾರೆ, ಅದರಲ್ಲೂ ಎಷ್ಟೋ ಜನ ದಾನಕ್ಕೆ ಅಂತಲೇ. ಬೆನ್ ನೆವಿಸ್ ಮೇಲೆ 2006ರಲ್ಲಿ ಕಸ ತೆಗೆಯಲು ಹೋದವರಿಗೆ ಕಲ್ಲುರಾಶಿಯ ಕೆಳಗೆ ಒಂದು ಪಿಯಾನೋ ಸಿಕ್ಕಿತ್ತು. ಯಾವಾಗಲೋ ಯಾರೋ ದಾನ ಎತ್ತಲು ಹೊತ್ತು ತಂದಿದ್ದಂತೆ! 1911ರಲ್ಲಿ ಒಬ್ಬರು ಫೋರ್ಡ್ ಕಾರನ್ನೇ ತುದಿಗೆ ಹತ್ತಿಸಿದ್ದರು, ಅದನ್ನು ಅಪ್ಪನಿಗೆ ಹೇಳು, ಖುಷಿಪಡುತ್ತಾರೆ. ನಮ್ಮ ರೈಲು, ಬಾಡಿಗೆ ಬೂಟು, ಗೈಡ್ ಎಲ್ಲ ನಮ್ಮ ಕೈಯಿಂದಲೇ. ಬಂದ ದಾನ ಪೂರ್ತಿ ಬ್ರಿಟಿಷ್ ಹಾರ್ಟ್ ಫೌಂಡೇಶನ್‌ಗೆ ಹೋಗುತ್ತದೆ, 1961ರಿಂದ ಹೃದಯದ ಕಾಯಿಲೆಗಳ ಸಂಶೋಧನೆಗೆ ದುಡ್ಡು ಹಾಕುವ ಸಂಸ್ಥೆ. ನಾನು ಯಾಕೆ ಅದನ್ನೇ ಆರಿಸಿದೆ ಅಂತ ನಿನಗೆ ಹೇಳಬೇಕಾಗಿಲ್ಲ.

ಈಗ ಅಪ್ಪನ ವಿಷಯ. ಹಲ್ಲು ಕೀಳಿಸಬೇಕು, ರಕ್ತ ನಿಲ್ಲುವುದಿಲ್ಲ ಅಂತ ಯಾರೋ ಹೇಳಿದರು, ಅದಕ್ಕೆ ರಕ್ತ ತೆಳ್ಳಗಾಗುವ ಮಾತ್ರೆ ಅಪ್ಪ ನಿಲ್ಲಿಸಿದ್ದಾರೆ, ಈಗ ಹುಷಾರಾಗಿಯೇ ಇದ್ದಾರೆ ಅಂತ ಬರೆದಿದ್ದೀಯ. ಅಮ್ಮ, ಇದನ್ನು ಇಷ್ಟು ಸಲೀಸಾಗಿ ಹೇಗೆ ಬರೆದೆ? ಓದಿದ ಕೂಡಲೇ ಅಣ್ಣನಿಗೆ ಫೋನ್ ಮಾಡಿದೆ. ಅವನಿಗೂ ಗೊತ್ತಿರಲಿಲ್ಲ. ಅಪ್ಪನಿಗೆ ಮಾಡಿದರೆ "ಏನೂ ಆಗಿಲ್ಲ ಬಿಡು" ಅಂದು ಫೋನ್ ಇಟ್ಟುಬಿಟ್ಟರು. ಅದಕ್ಕೇ ಬರೆಯುತ್ತಿದ್ದೇನೆ, ಇದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳು.

ಅಪ್ಪ, ಶ್ರಾವಣದಲ್ಲಿ ನಿಮ್ಮ ಹೃದಯದ ರಕ್ತನಾಳದಲ್ಲಿ ಇಟ್ಟಿದ್ದು ಸ್ಟೆಂಟ್, ತಂತಿ ಬಲೆಯಂಥ ಒಂದು ಸಣ್ಣ ಲೋಹದ ಕೊಳವೆ. ರಕ್ತಕ್ಕೆ ಅದು ಹೊರಗಿನ ವಸ್ತು, ಅದರ ಮೇಲೆ ಹೆಪ್ಪುಗಟ್ಟಲು ನೋಡುತ್ತದೆ. ರಕ್ತನಾಳದ ಒಳಪದರ ಬೆಳೆದು ಆ ಲೋಹವನ್ನು ಮುಚ್ಚಲು ತಿಂಗಳುಗಳು ಬೇಕು. ಅಲ್ಲಿವರೆಗೆ ಕಾಯುವುದು ಆ ಎರಡು ಮಾತ್ರೆ. ನಿಮಗೆ ಡಾಕ್ಟರ್ ಒಂದು ವರ್ಷ ಅಂತ ಹೇಳಿದ್ದಾರೆ, ಈಗ ನಾಲ್ಕು ತಿಂಗಳಷ್ಟೇ ಆಗಿದೆ. ಹುಷಾರಾಗಿದ್ದೀನಿ ಅನ್ನಿಸುವುದು ಸ್ಟೆಂಟ್ ಚೆನ್ನಾಗಿ ಕೆಲಸ ಮಾಡುತ್ತಿರುವುದಕ್ಕೆ, ಮಾತ್ರೆ ಬೇಡ ಅನ್ನುವುದಕ್ಕಲ್ಲ. ಹಲ್ಲು ಕಿತ್ತ ಜಾಗದಲ್ಲಿ ರಕ್ತ ಬಂದರೆ ಹತ್ತಿ ಒತ್ತಿ ಹಿಡಿಯಬಹುದು. ಸ್ಟೆಂಟ್ ಒಳಗೆ ಹೆಪ್ಪುಗಟ್ಟಿದರೆ ಎಲ್ಲಿ ಒತ್ತಿ ಹಿಡಿಯುತ್ತೀರಿ?

ಅಮ್ಮ, ಇವತ್ತೇ, ನಾಳೆ ಅಲ್ಲ, ಹೃದಯದ ಡಾಕ್ಟರಿಗೆ ಫೋನ್ ಮಾಡಿ. ಯಾವ ಮಾತ್ರೆ, ಯಾವತ್ತಿನಿಂದ ನಿಲ್ಲಿಸಿದ್ದು ಅಂತ ಸರಿಯಾಗಿ ಹೇಳಿ, ಚೀಟಿ ಕೈಯಲ್ಲಿ ಇಟ್ಟುಕೊಂಡೇ ಮಾತಾಡಿ. ಮತ್ತೆ ಹೇಗೆ ಶುರು ಮಾಡಬೇಕು ಅಂತ ಅವರೇ ಹೇಳಲಿ, ಬಿಟ್ಟಿದ್ದಕ್ಕೆ ಅಂತ ಎರಡೆರಡು ನುಂಗಿಸಬೇಡ. ಹಲ್ಲಿನ ಡಾಕ್ಟರಿಗೆ ಸ್ಟೆಂಟ್ ಹಾಕಿದೆ ಅಂತ ತಿಳಿಸಿ, ಅವರು ಹೃದಯದ ಡಾಕ್ಟರ ಜೊತೆ ಮಾತಾಡಿಯೇ ಕೈ ಹಾಕಲಿ. ಸಾಮಾನ್ಯವಾಗಿ ಒಂದೆರಡು ಹಲ್ಲು ಕೀಳಲು ಈ ಮಾತ್ರೆ ನಿಲ್ಲಿಸುವುದೇ ಬೇಕಾಗುವುದಿಲ್ಲ. ಶನಿವಾರ ಅಣ್ಣ ಕಾರು ತರುತ್ತಾನೆ, ಅಪ್ಪ ಬಸ್ಸಿನ ನೆಪ ಹೇಳುವಂತಿಲ್ಲ. ನಡುವೆ ಎದೆ ಹಿಡಿದುಕೊಂಡರೆ, ಬೆವರು ಬಂದರೆ, ಎಡಗೈಯೋ ದವಡೆಯೋ ನೋವು ಅಂದರೆ ಗ್ಯಾಸ್ ಅಂತ ಸೋಡಾ ಕುಡಿಸುತ್ತಾ ಕೂರಬೇಡ, 108ಕ್ಕೆ ಫೋನ್ ಮಾಡು.

ನೀನು ಹೇಳಿದೆ ಅಂತ ನಾನು ಬೆಟ್ಟ ಬಿಡಬೇಕು, ಅಪ್ಪ ಮಾತ್ರ ಯಾರ ಮಾತೂ ಕೇಳಬಾರದು, ಇದು ಯಾವ ನ್ಯಾಯ ಅಮ್ಮ? ನನ್ನ ಬೆನ್ನ ಹಿಂದೆ ಗೈಡ್ ಇದ್ದಾರೆ, ಹಗ್ಗ ಇದೆ, ವರದಿ ಇದೆ. ಅಪ್ಪನ ಹಿಂದೆ ಇರುವುದು ನೀನೊಬ್ಬಳೇ. ಮಾತ್ರೆಯ ಡಬ್ಬಿ ನಿನ್ನ ಕೈಯಲ್ಲಿ ಇರಲಿ. ನೀನೇ ಕೊಟ್ಟು, ನುಂಗಿದ್ದು ನೋಡಿಯೇ ಎದ್ದು ಹೋಗು.

ನನ್ನ ಬಗ್ಗೆ ಒಂಚೂರೂ ಯೋಚಿಸಬೇಡ. ಊಟ ಚೆನ್ನಾಗಿ ಮಾಡುತ್ತಿದ್ದೇನೆ, ನಿದ್ದೆ ಚೆನ್ನಾಗಿದೆ, ಕೆಮ್ಮು ಹೋಗಿದೆ, ಮಂಡಿ ನೋವೂ ಇಲ್ಲ. ಇಳಿದ ಕೂಡಲೇ ಮೊದಲ ಫೋನ್ ನಿನಗೇ, ಅಲ್ಲಿ ರಾತ್ರಿ ಎಷ್ಟೇ ಹೊತ್ತಾಗಿರಲಿ. ಸಿಗ್ನಲ್ ಸಿಗದೆ ಸ್ವಲ್ಪ ತಡವಾದರೆ ಗಾಬರಿಯಾಗಬೇಡ, ದೇವರಿಗೆ ದೀಪ ಹಚ್ಚಿ ಸುಮ್ನಿರು. ದೊಡ್ಡಮ್ಮನಿಗೆ ಈ ಮಾತ್ರೆಯ ವಿಷಯ ಹೇಳಬೇಡ, ಅವರು ಇನ್ನೊಂದು ಕಷಾಯ ಹೇಳುತ್ತಾರೆ.

ಬೂಟು ಬಾಡಿಗೆ ಕೊಡುವ ಅಂಗಡಿ ಇನ್ನೇನು ಮುಚ್ಚುತ್ತದೆ, ಓಡಬೇಕು. ಡಾಕ್ಟರ್ ಏನಂದರು ಅಂತ ಇವತ್ತು ರಾತ್ರಿಯೇ ಪುಟ್ಟಿ ಕೈಲಿ ಮೆಸೇಜ್ ಹಾಕಿಸು. ಮರೀಬೇಡ.

ನಿನ್ನ
ಚಿನ್ನಿ