ಇಂಜಿನ್ ಆಯಿಲ್ ಡಬ್ಬಿ ಮೇಲಿನ ನಾಲ್ಕು ಮಾತು ಕನ್ನಡದಲ್ಲೂ ಇರ್ಲಿ

ಮಾನ್ಯ ಸಂಪಾದಕರೇ,

ನಾನು ರಾಣೆಬೆನ್ನೂರಿನವನು. ಬೀಜದ ಕಂಪನಿಯೊಂದರಲ್ಲಿ ಫೀಲ್ಡ್ ಕೆಲಸ, ಬೆಳಿಗ್ಗೆ ಎದ್ದು ಹಿರೇಕೆರೂರು ಕಡೆಗೋ ಬ್ಯಾಡಗಿ ಕಡೆಗೋ ಹೋಗಿ ರೈತರ ಪ್ಲಾಟ್ ನೋಡ್ಕೊಂಡು ವಾಪಸ್ ಬರೋದ್ರೊಳಗೆ ನೂರು ಕಿಲೋಮೀಟರ್ ಆಗಿರುತ್ತೆ, ಅದೆಲ್ಲಾ ಒಂದು 100 ಸಿಸಿ ಬೈಕ್ ಮೇಲೆ. 2019ರಲ್ಲಿ ತಗೊಂಡಿದ್ದು, ಒಂದೂವರೆ ಲಕ್ಷ ಕಿಲೋಮೀಟರ್ ದಾಟಿದೆ, ಒಂದ್ಸಲ ಕ್ಲಚ್ ಪ್ಲೇಟು ಒಂದ್ಸಲ ಟೈಮಿಂಗ್ ಚೈನು ಹಾಕ್ಸಿದ್ದು ಬಿಟ್ರೆ ಇಂಜಿನ್ ಬಿಚ್ಚಿಲ್ಲ. ಇಷ್ಟು ವರ್ಷವೂ ಅದಕ್ಕೆ ಹಾಕಿದ್ದು ಕಡಿಮೆ ರೇಟಿನ ಆಯಿಲೇ, ಈಚೆಗೆ ತಗೊಂಡ 900 ಎಂಎಲ್ ಡಬ್ಬಿಗೆ 340 ರೂಪಾಯಿ ಕೊಟ್ಟೆ. ಆದ್ರೆ ನಮ್ಮಲ್ಲಿ ಗಾಡಿ ಇಟ್ಕೊಂಡಿರೋ ಬಹಳ ಜನಕ್ಕೆ ಕಡಿಮೆ ರೇಟಿನ ಆಯಿಲ್ ಬೇರೆ, ತಪ್ಪು ಆಯಿಲ್ ಬೇರೆ ಅನ್ನೋದು ಗೊತ್ತಿಲ್ಲ, ಗೊತ್ತು ಮಾಡ್ಕೊಳ್ಳೋಣ ಅಂದ್ರೆ ಡಬ್ಬಿ ಮೇಲೆ ಒಂದಕ್ಷರ ಕನ್ನಡ ಇಲ್ಲ. ಅದಕ್ಕೇ ಈ ಪತ್ರ.

ಹೋದ ವರ್ಷ ನನ್ನ ತಮ್ಮನ ಬೈಕಿಗೆ ಆಗಿದ್ದು ಕೇಳಿ. ಗ್ಯಾರೇಜಲ್ಲಿ ಆಯಿಲ್ ಚೇಂಜ್ ಮಾಡ್ಸೋಕೆ ಬಿಟ್ಟಿದ್ದ, ಅಲ್ಲಿ ಯಾವುದೋ ಕಾರಿಗೆ ಹಾಕಿ ಉಳಿದಿದ್ದ ಆಯಿಲ್ ತೆಗೆದು ಸುರುವಿದಾರೆ. ಕೇಳಿದ್ದಕ್ಕೆ "ಆಯಿಲ್ ಅಂದ್ರ ಆಯಿಲ್ ರೀ ಸರ, ಇದು ದೊಡ್ಡ ಗಾಡೀದು, ಭಾರೀ ಕ್ವಾಲಿಟಿ ಐತಿ" ಅಂದ್ರಂತೆ. ಹದಿನೈದು ದಿನಕ್ಕೆ ಗಾಡಿ ರೈಸ್ ಆಗುತ್ತೆ, ಮುಂದಕ್ಕೆ ಹೋಗಲ್ಲ, ಹಿಂದೆ ಒಬ್ರು ಕೂತ್ರೆ ಏರು ಹತ್ತಲ್ಲ. ಕ್ಲಚ್ ಪ್ಲೇಟ್ ಸೆಟ್ಟು, ಲೇಬರ್, ಮತ್ತೆ ಹೊಸ ಆಯಿಲ್ ಸೇರಿ 1,600 ರೂಪಾಯಿ ಹೋಯ್ತು, ಎರಡು ದಿನದ ಕೂಲಿನೂ ಹೋಯ್ತು. ಆ ಕಾರಿನ ಆಯಿಲ್ ನನ್ನ ಆಯಿಲ್‌ಗಿಂತ ದುಬಾರಿದೇ ಇರಬೇಕು, ಅದು ಕೆಟ್ಟ ಆಯಿಲ್ ಅಲ್ಲ, ಬೈಕಿಂದಲ್ಲ ಅಷ್ಟೇ.

ಕಾರಲ್ಲಿ ಕ್ಲಚ್ ಇಂಜಿನ್ ಆಯಿಲ್‌ಗೆ ಸಂಬಂಧ ಇಲ್ಲದೆ ಒಣಗಿದ ಜಾಗದಲ್ಲಿ ಇರುತ್ತೆ, ಗೇರ್‌ಬಾಕ್ಸಿಗೂ ಬೇರೆ ಆಯಿಲ್ಲು. ನಮ್ಮ ಗೇರ್ ಬೈಕ್‌ಗಳಲ್ಲಿ ಹಾಗಲ್ಲ, ಇಂಜಿನ್ನು ಗೇರು ಕ್ಲಚ್ಚು ಮೂರೂ ಒಂದೇ ಆಯಿಲಲ್ಲಿ ನೆನೀತಿರ್ತವೆ. ಕಾರಿನ ಎಷ್ಟೋ ಆಯಿಲ್‌ಗಳಲ್ಲಿ ಪೆಟ್ರೋಲ್ ಉಳಿಸೋಕೆ ಅಂತ ಜಾರಿಕೆ ಜಾಸ್ತಿ ಮಾಡೋ ಕೆಮಿಕಲ್ ಸೇರಿಸಿರ್ತಾರೆ, ಇಂಜಿನ್‌ಗೆ ಅದು ಒಳ್ಳೇದೇ, ಆದ್ರೆ ಕ್ಲಚ್ ಪ್ಲೇಟ್ ಒಂದಕ್ಕೊಂದು ಕಚ್ಕೊಂಡು ತಿರುಗಬೇಕಾದದ್ದು, ಅವು ಜಾರಿದ್ರೆ ಗಾಡಿ ಹೆಂಗೆ ಹೋಗ್ಬೇಕು. ಇದಕ್ಕೇ ಜಪಾನಿನವರು ಜಾಸೊ ಅಂತ ಒಂದು ಸ್ಟ್ಯಾಂಡರ್ಡ್ ಮಾಡಿದಾರೆ. ಡಬ್ಬಿ ಹಿಂದೆ ಜಾಸೊ ಎಂಎ ಅಥವಾ ಎಂಎ2 ಅಂತಿದ್ರೆ ಗೇರ್ ಬೈಕಿನ ಕ್ಲಚ್ಚಿಗೆ ಸರಿ, ಎಂಬಿ ಅಂತಿದ್ರೆ ಅದು ಜಾರಿಕೆ ಜಾಸ್ತಿ ಇರೋದು, ಆಕ್ಟಿವಾ ಥರದ ಗೇರ್‌ಲೆಸ್ ಸ್ಕೂಟರ್‌ಗಳದ್ದು. ಇದೊಂದು ಅಕ್ಷರ ನೋಡಿದ್ರೆ ನನ್ನ ತಮ್ಮನ 1,600 ಉಳೀತಿತ್ತು.

ಆಮೇಲೆ ಡಬ್ಬಿ ಮೇಲಿನ ನಂಬರ್‌ಗಳು, ಅದನ್ನೇ ಗ್ರೇಡ್ ಅನ್ನೋದು. 10ಡಬ್ಲ್ಯು-30, 20ಡಬ್ಲ್ಯು-40, 20ಡಬ್ಲ್ಯು-50 ಅಂತೆಲ್ಲಾ ಬರೆದಿರುತ್ತಲ್ಲ, ಅದರಲ್ಲಿ ಡಬ್ಲ್ಯು ಅಂದ್ರೆ ವಿಂಟರ್, ಚಳಿಗಾಲ, ಅದಕ್ಕಿಂತ ಮೊದಲು ಬರೋ ನಂಬರ್ ಇಂಜಿನ್ ತಣ್ಣಗಿರುವಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋದು, ಕಡಿಮೆ ಇದ್ದಷ್ಟೂ ಬೇಗ ಹರಿಯುತ್ತೆ. ಡಬ್ಲ್ಯು ಆದ್ಮೇಲೆ ಬರೋ ನಂಬರ್ ಇಂಜಿನ್ ಬಿಸಿಯಾದ ಮೇಲೆ ಎಷ್ಟು ಮಂದ ಇರುತ್ತೆ ಅನ್ನೋದು. ನಮ್ಮ ಕಡೆ ಅಂಗಡಿಗೆ ಹೋಗಿ ಬೈಕಿನ ಆಯಿಲ್ ಕೊಡಿ ಅಂದ್ರೆ ಕೈ ಹೋಗೋದು ಸೀದಾ 20ಡಬ್ಲ್ಯು-40ಗೇ, ಯಾಕಂದ್ರೆ ಹಳೇ ಬೈಕ್‌ಗಳಿಗೆ ಅದೇ ನಡೀತಿತ್ತು, ಸ್ಟಾಕೂ ಅದೇ ಇರುತ್ತೆ. ಆದ್ರೆ ನನ್ನ ಬೈಕಿಗೆ ಗಾಡಿ ಜೊತೆ ಕೊಟ್ಟ ಪುಸ್ತಕ, ಅಂದ್ರೆ ಮ್ಯಾನುಯಲ್, ಹೇಳೋದು 10ಡಬ್ಲ್ಯು-30. ದಪ್ಪ ಆಯಿಲ್ ಹಾಕಿದ್ರೆ ಇಂಜಿನ್ ಸಿಡಿದೇನೂ ಹೋಗಲ್ಲ, ಆದ್ರೆ ಬೆಳಿಗ್ಗೆ ಚಳೀಲಿ ಆಯಿಲ್ ಮೇಲಕ್ಕೆ ಹತ್ತೋದು ತಡ, ಗಾಡಿ ಎಳೆದಂಗೆ ಹೋಗುತ್ತೆ, ಮೈಲೇಜಿಗೂ ಹೊಡೆತ. ಅದೇ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕಿಗೆ 15ಡಬ್ಲ್ಯು-50 ಅಂತ ಕಂಪನಿಯೇ ಹೇಳುತ್ತೆ, ಅದಕ್ಕೆ ನನ್ನ ತೆಳು ಆಯಿಲ್ ಹಾಕಿದ್ರೆ ಅದೂ ತಪ್ಪೇ. ಪಕ್ಕದ ಮನೆಯವರು ಏನು ಹಾಕ್ಸಿದ್ರು ಅಂತ ಕೇಳೋದು ಬಿಟ್ಟು ನಮ್ಮ ಗಾಡಿಯ ಮ್ಯಾನುಯಲ್ ನೋಡ್ಬೇಕು.

ಇನ್ನೊಂದು ಸಾಲು ಎಪಿಐ ಅಂತ ಇರುತ್ತೆ, ಅದು ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಸ್ಟ್ಯಾಂಡರ್ಡ್, ಎಸ್‌ಜೆ, ಎಸ್‌ಎಲ್, ಎಸ್‌ಎನ್ ಅಂತ, ಎರಡನೇ ಅಕ್ಷರ ಇಂಗ್ಲಿಷ್ ವರ್ಣಮಾಲೆಯಲ್ಲಿ ಮುಂದೆ ಹೋದಷ್ಟೂ ಸ್ಟ್ಯಾಂಡರ್ಡ್ ಹೊಸದು. ಮ್ಯಾನುಯಲ್‌ನಲ್ಲಿರೋದು ಅಥವಾ ಅದಕ್ಕಿಂತ ಮುಂದಿನದು ಇದ್ರೆ ಸಾಕು.

ಈ ಮೂರು ಸರಿ ಇದ್ರೆ ಬ್ರ್ಯಾಂಡ್ ಯಾವುದಾದ್ರೂ ಆಗುತ್ತೆ ಅನ್ನೋದು ನನ್ನ ಅನುಭವ. ಸರ್ಕಾರಿ ಕಂಪನಿಗಳದ್ದೇ ಇದಾವಲ್ಲ, ಇಂಡಿಯನ್ ಆಯಿಲ್‌ದು ಸರ್ವೋ, ಭಾರತ್ ಪೆಟ್ರೋಲಿಯಂದು ಮ್ಯಾಕ್, ಹಿಂದೂಸ್ತಾನ್ ಪೆಟ್ರೋಲಿಯಂದು ಎಚ್‌ಪಿ, ಅವರವರ ಬಂಕಲ್ಲೇ ಸಿಗುತ್ತೆ, ಬಿಲ್ ಕೇಳಿದ್ರೆ ಕೊಡ್ತಾರೆ. ಫುಲ್ ಸಿಂಥೆಟಿಕ್ ಹಾಕ್ಸಿ ಸರ್, 800 ಆಗುತ್ತೆ, ಇಂಜಿನ್ ಬೆಣ್ಣೆ ಥರ ಇರುತ್ತೆ ಅಂತ ನನಗೂ ಎಷ್ಟೋ ಜನ ಹೇಳಿದಾರೆ. ಸಿಂಥೆಟಿಕ್, ಅಂದ್ರೆ ಕೆಮಿಕಲ್ ವಿಧಾನದಲ್ಲಿ ತಯಾರಿಸಿದ ಆಯಿಲ್, ಒಳ್ಳೇದೇ, ಬಿಸಿ ಜಾಸ್ತಿ ತಡ್ಕೊಳ್ಳುತ್ತೆ, ಜೋರು ಓಡೋ ದೊಡ್ಡ ಬೈಕ್‌ಗಳಿಗೆ ಕಂಪನಿಯೇ ಅದನ್ನ ಹೇಳಿದ್ರೆ ಅಲ್ಲಿ ದುಡ್ಡು ಉಳಿಸೋಕೆ ಹೋಗಬಾರದು. ಆದ್ರೆ ನಾನು ವರ್ಷಕ್ಕೆ ಮೂವತ್ತು ಸಾವಿರ ಕಿಲೋಮೀಟರ್ ಓಡಿಸ್ತೀನಿ, ಧೂಳಿನ ರಸ್ತೆ ಅಂತ ಮೂರು ಸಾವಿರಕ್ಕೊಂದ್ಸಲ ಬದಲಾಯಿಸ್ತೀನಿ, ಅಂದ್ರೆ ಹತ್ತು ಸಲ. 340ರ ಲೆಕ್ಕದಲ್ಲಿ 3,400, 800ರ ಲೆಕ್ಕದಲ್ಲಿ 8,000. ಈ 4,600 ರೂಪಾಯಿ ನಮ್ಮಂಥವರ ಮನೇಲಿ ಮಗಳ ಸ್ಕೂಲ್ ಶೂ, ಬ್ಯಾಗು, ನೋಟ್‌ಬುಕ್ಕು. ದುಬಾರಿ ಆಯಿಲ್ ಹಾಕಿ ದುಡ್ಡು ವಸೂಲಾಗ್ಲಿ ಅಂತ ಹತ್ತು ಸಾವಿರ ಕಿಲೋಮೀಟರ್ ಎಳೆಯೋರನ್ನ ನೋಡಿದೀನಿ, ಆಯಿಲ್ ತಳ ಮುಟ್ಟಿ ಇಂಜಿನ್ ಜಾಮ್ ಆಗಿದ್ದನ್ನೂ ನೋಡಿದೀನಿ. ವಾರಕ್ಕೊಮ್ಮೆ ಡಬಲ್ ಸ್ಟ್ಯಾಂಡ್ ಹಾಕಿ ಆಯಿಲ್ ಅಳೆಯೋ ಕಡ್ಡಿ (ಡಿಪ್‌ಸ್ಟಿಕ್) ಒರೆಸಿ ಅದ್ದಿ ನೋಡೋಕೆ ಎರಡು ನಿಮಿಷ ಸಾಕು. ಕಪ್ಪಾಗಿದೆ ಅಂತ ಮಾತ್ರ ಗಾಬರಿ ಬೇಡ, ಮಸಿ ತೊಳೆದು ತನ್ನೊಳಗೆ ಇಟ್ಕೊಳ್ಳೋದು ಆಯಿಲ್‌ನ ಕೆಲಸ, ಹಾಲಿನ ಥರ ಬೆಳ್ಳಗಾದ್ರೆ ನೀರು ಸೇರಿದೆ ಅಂತ, ಆಗ ತಕ್ಷಣ ಬದಲಾಯಿಸಿ.

ನಿಜವಾಗ್ಲೂ ಹೆದರಬೇಕಾದ್ದು ನಕಲಿ ಆಯಿಲ್‌ಗೆ. ಬ್ಯಾರೆಲ್‌ನಿಂದ ಅಳೆದು ಕೊಡೋ ಲೂಸ್ ಆಯಿಲ್ ಯಾರ ಮಾಲು, ಯಾವ ಗ್ರೇಡು ಅಂತ ನಾವು ಹೆಂಗೆ ತಿಳ್ಕೊಳ್ಳೋದು, ಎಷ್ಟೇ ಅಗ್ಗ ಇದ್ರೂ ನಾನು ಮುಟ್ಟಲ್ಲ. ಡಬ್ಬಿ ನನ್ನ ಕಣ್ಣೆದುರಿಗೇ ಒಡೀಬೇಕು, ಒಳಗಿನ ಸೀಲ್, ತಯಾರಾದ ತಾರೀಖು, ಬ್ಯಾಚ್ ನಂಬರ್ ನೋಡ್ತೀನಿ, ಖಾಲಿ ಆದ ಮೇಲೆ ಸ್ಕ್ರೂಡ್ರೈವರಲ್ಲಿ ಡಬ್ಬಿಗೆ ತೂತು ಹಾಕಿ ಲೇಬಲ್ ಹರಿದು ಬಿಸಾಕ್ತೀನಿ. ಗುಜರಿಗೆ ಹೋದ ಗಟ್ಟಿ ಡಬ್ಬಿ ಮತ್ತೆ ತುಂಬಿ ಬರೋದು ಬೇಡ ಅಂತ. ಹಳೇ ಆಯಿಲನ್ನ ಗ್ಯಾರೇಜ್ ಮುಂದಿನ ಚರಂಡಿಗೆ ಬಿಡೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ, ಅದು ಕಾನೂನು ಪ್ರಕಾರ ಅಪಾಯಕಾರಿ ತ್ಯಾಜ್ಯ. 2024ರ ಏಪ್ರಿಲ್‌ನಿಂದ ಹಳೇ ಆಯಿಲ್ ಮರುಬಳಕೆಯ ಹೊಣೆ ತಯಾರಕರ ಮೇಲೇ ಹಾಕೋ ನಿಯಮ ಬಂದಿದೆ, ನಮ್ಮೂರಿನ ಗ್ಯಾರೇಜ್‌ವರೆಗೆ ಅದು ಇನ್ನೂ ಬಂದು ತಲುಪಿಲ್ಲ.

ಈಗ ನನ್ನ ಮನವಿ. 2011ರ ಪೊಟ್ಟಣ ಸಾಮಗ್ರಿ ನಿಯಮದಲ್ಲಿ, ಅಂದ್ರೆ ಪ್ಯಾಕ್ ಮಾಡಿ ಮಾರೋ ಸಾಮಾನಿನ ನಿಯಮದಲ್ಲಿ, ಲೇಬಲ್ ಹಿಂದಿ ಅಥವಾ ಇಂಗ್ಲಿಷಲ್ಲಿ ಇರ್ಬೇಕು ಅಂತಿದೆ, ಜೊತೆಗೆ ಬೇರೆ ಭಾಷೆ ಹಾಕೋಕೆ ಅದು ಅಡ್ಡಿ ಮಾಡಲ್ಲ. ಅಂದ್ಮೇಲೆ ಕರ್ನಾಟಕದಲ್ಲಿ ಮಾರೋ ಡಬ್ಬಿ ಮೇಲೆ "ಗೇರ್ ಬೈಕಿಗೆ", "ಗೇರ್ ಇಲ್ಲದ ಸ್ಕೂಟರಿಗೆ", "ಕಾರಿಗೆ ಮಾತ್ರ" ಅಂತ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಹಾಕೋಕೆ ಕಂಪನಿಗಳಿಗೆ ಏನು ಕಷ್ಟ? ಶೋರೂಮ್‌ನವರು ಗಾಡಿ ಕೊಡುವಾಗ ಸೀಟಿನ ಕೆಳಗೆ ಯಾವ ಗ್ರೇಡು, ಎಷ್ಟು ಎಂಎಲ್ ಅಂತ ಕನ್ನಡದ ಒಂದು ಸ್ಟಿಕ್ಕರ್ ಅಂಟಿಸಲಿ, ನನಗೆ ಸಿಕ್ಕ ಮ್ಯಾನುಯಲ್ ಇಂಗ್ಲಿಷಿನದು, ನಮ್ಮ ಮೆಕ್ಯಾನಿಕ್ ಹುಡುಗರಿಗೆ ಅದನ್ನ ಓದೋಕಾಗಲ್ಲ, ಅವರ ಮೇಲೆ ಸಿಟ್ಟು ಮಾಡಿ ಏನು ಮಾಡೋದು. ಸಂಬಂಧಪಟ್ಟ ಇಲಾಖೆ ಈ ಬಗ್ಗೆ ಕಂಪನಿಗಳಿಗೆ ಬರೀಲಿ. ನಿಮ್ಮ ಪತ್ರಿಕೇಲೂ ಒಂದು ದಿನ ಯಾವ ಬೈಕಿಗೆ ಯಾವ ಗ್ರೇಡ್ ಅಂತ ಪಟ್ಟಿ ಹಾಕಿ, ಕತ್ತರಿಸಿ ನಮ್ಮ ಕಡೆ ಗ್ಯಾರೇಜ್‌ಗಳ ಗೋಡೆಗೆಲ್ಲಾ ನಾನೇ ಅಂಟಿಸಿ ಬರ್ತೀನಿ.

ಇತಿ,
ನಿಮ್ಮ ಓದುಗ,
ರಾಣೆಬೆನ್ನೂರು